ಮನಸ್ಸಿನ ಒಳದಾರಿಗಳನ್ನು, ಅಂದರೆ ಪೂರ್ತಿ ಯೋಚಿಸದೆ ತಟ್ಟನೆ ತೀರ್ಮಾನಕ್ಕೆ ಬರುವ ಅಭ್ಯಾಸಗಳನ್ನು, ಪೂರ್ತಿ ಬಿಟ್ಟು ಪ್ರತಿ ನಿರ್ಧಾರವನ್ನೂ ತರ್ಕದಿಂದಲೇ ತೆಗೆದುಕೊಳ್ಳುವುದು ಹೇಗೆ?

ಹಳೆ ಕಾರು ಕೊಂಡು ಕೈ ಸುಟ್ಟುಕೊಂಡಾಗ ನಾನೂ ಇದನ್ನೇ ಕೇಳುತ್ತಿದ್ದೆ.

ಮಾರುವವರು ಮೊದಲೇ ಒಂದು ಬೆಲೆ ಹೇಳಿದರು. ಜಾಸ್ತಿಯಾಯಿತು ಅಂದೆ. ಚೌಕಾಸಿ ನಡೆಯಿತು. ಹೆಚ್ಚುಕಡಿಮೆ ಕಾಲು ಭಾಗ ಇಳಿಸಿದರು. ಗೆದ್ದೆ ಅನ್ನಿಸಿತು, ಮುಂಗಡ ಕೊಟ್ಟುಬಿಟ್ಟೆ. ಆಮೇಲೆ ನೋಡಿದರೆ ಅದೇ ಮಾಡೆಲ್, ಅದೇ ವರ್ಷದ, ಅಷ್ಟೇ ಓಡಿದ ಗಾಡಿಗಳು ಬೇರೆ ಕಡೆ ಅದಕ್ಕಿಂತ ಎಷ್ಟೋ ಕಡಿಮೆಗೆ ಹೋಗುತ್ತಿದ್ದವು. ಆ ಸಾಲ ತೀರುವ ತನಕ ನೆಮ್ಮದಿ ಇರಲಿಲ್ಲ.

ಆತುರಪಟ್ಟೆ ಅಂತ ಎಲ್ಲರೂ ಅಂದರು. ನಾನು ಆತುರಪಟ್ಟಿರಲಿಲ್ಲ. ನಿದ್ದೆ ಬಿಟ್ಟು ಲೆಕ್ಕ ಹಾಕಿದ್ದೆ. ಆದರೆ ಹಾಕಿದ್ದೆಲ್ಲ ಅವರ ಬೆಲೆಯಿಂದ ಎಷ್ಟು ಇಳಿಸಬಹುದು ಅನ್ನುವ ಲೆಕ್ಕ. ಟೈರ್ ಸವೆದಿದೆ, ಇಷ್ಟು ಕಳೆ. ಬಣ್ಣ ಮಾಸಿದೆ, ಇನ್ನಷ್ಟು ಕಳೆ. ಕಳೆಯುತ್ತಾ ಹೋದಷ್ಟೂ ತುಂಬಾ ವಿಚಾರ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಈ ಗಾಡಿಗೆ ಎಷ್ಟು ಕೊಡಬಹುದು ಅನ್ನುವ ಪ್ರಶ್ನೆ ಮಾತ್ರ ತಲೆಗೆ ಬರಲೇ ಇಲ್ಲ. ಅವರು ಬಾಯಿಬಿಟ್ಟ ಕ್ಷಣವೇ ಆ ಪ್ರಶ್ನೆ ಮಾಯವಾಗಿತ್ತು.

ಮನಶ್ಶಾಸ್ತ್ರಜ್ಞರಾದ ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರ ಪ್ರಬಂಧದಲ್ಲಿ ಒಂದು ಪ್ರಯೋಗ ವಿವರಿಸುತ್ತಾರೆ. ಹೈಸ್ಕೂಲ್ ವಿದ್ಯಾರ್ಥಿಗಳ ಒಂದು ಗುಂಪಿಗೆ 8×7×6 ಅಂತ 1ರ ತನಕದ ಗುಣಾಕಾರವನ್ನು 5 ಸೆಕೆಂಡಿನಲ್ಲಿ ಅಂದಾಜು ಮಾಡಲು ಹೇಳಿದರು. ಇನ್ನೊಂದು ಗುಂಪಿಗೆ ಅದೇ ಲೆಕ್ಕ, 1ರಿಂದ 8ರ ತನಕ. ಮೊದಲ ಗುಂಪಿನ ಮಧ್ಯದ ಅಂದಾಜು 2,250, ಎರಡನೆಯದರದ್ದು 512. ಸರಿಯಾದ ಉತ್ತರ 40,320! ಮೊದಲು ಕಂಡ ಅಂಕಿಗಳು ಎಳೆದು ಹಿಡಿದವು, ಅಲ್ಲಿಂದ ಸಾಕಷ್ಟು ದೂರ ಹೋಗಲು ಬಿಡಲಿಲ್ಲ. ನಾನು ಕಾಲು ಭಾಗಕ್ಕೆ ನಿಂತದ್ದೂ ಹಾಗೆಯೇ.

ಆದರೂ ಒಳದಾರಿಗಳನ್ನು ಪೂರ್ತಿ ಬಿಡಬೇಕು ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಎಲ್ಲ ಆಯ್ಕೆಗಳನ್ನೂ ತೂಗಿ ನೋಡುವಷ್ಟು ಸಮಯ, ಮಾಹಿತಿ ಯಾರಿಗೂ ಇರುವುದಿಲ್ಲ, ಸಾಕು ಅನ್ನಿಸುವಂಥದ್ದು ಸಿಕ್ಕರೆ ಜನ ಅಲ್ಲಿಗೆ ನಿಲ್ಲಿಸುತ್ತಾರೆ ಅಂತ ಜನ ನಿರ್ಧಾರ ತೆಗೆದುಕೊಳ್ಳುವ ಬಗೆಯನ್ನು ಅಧ್ಯಯನ ಮಾಡಿದ ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ತೋರಿಸಿದ್ದರು. ಯಾವ ಅಂಗಿ ಹಾಕಲಿ ಅನ್ನುವುದಕ್ಕೂ ತರ್ಕ ಹೂಡಿದರೆ ದಿನ ಸಾಗುವುದಿಲ್ಲ, ಅಲ್ವಾ? ಒಳದಾರಿಗಳಿಂದ ಆಗುವ ಇಂಥ ತಪ್ಪುಗಳ ಪಟ್ಟಿ ಬಾಯಿಪಾಠ ಮಾಡಿಯೂ ಹೆಚ್ಚು ಪ್ರಯೋಜನವಿಲ್ಲ. ಜೀವನಪೂರ್ತಿ ಇದನ್ನೇ ಓದಿದ ಕಾನೆಮನ್ ಅವರೇ ತಮ್ಮ ತಕ್ಷಣದ ಯೋಚನೆ ಅದರಿಂದ ಅಷ್ಟೇನೂ ಸುಧಾರಿಸಲಿಲ್ಲ ಅಂದಿದ್ದಾರೆ.

ದೊಡ್ಡ ಖರೀದಿ, ಸಂಬಳದ ಮಾತುಕತೆ, ಇಂಥ ಕಡೆ ಮಾತ್ರ ಎದುರಿನವರು ಸಂಖ್ಯೆ ಹೇಳುವ ಮೊದಲೇ ನಿಮ್ಮದನ್ನು ಕಾಗದದಲ್ಲಿ ಬರೆಯಿರಿ. ಸುಮ್ನೆ ತಲೆಯಲ್ಲಿಟ್ಟುಕೊಂಡರೆ ಆಗುವುದಿಲ್ಲ. ಅವರದ್ದು ಕೇಳಿದ ಕೂಡಲೇ ಅದು ಜಾರುತ್ತದೆ, ಜಾರಿದ್ದು ನಿಮಗೇ ತಿಳಿಯುವುದಿಲ್ಲ. ಬೆಲೆ ಆಗಲೇ ಕಿವಿಗೆ ಬಿದ್ದಿದ್ದರೆ, ಗಾಡಿಗಳ ಬಗ್ಗೆ ಗೊತ್ತಿರುವ ಬೇರೊಬ್ಬರಿಗೆ ಮಾಡೆಲ್, ವರ್ಷ, ಓಡಿದ ಕಿಲೋಮೀಟರ್, ಈಗಿನ ಸ್ಥಿತಿ ಹೇಳಿ ಎಷ್ಟು ಕೊಡಬಹುದು ಅಂತ ಕೇಳಿ. ಮಾರುವವರ ಬೆಲೆಯನ್ನು ಮಾತ್ರ ಅವರಿಗೆ ಹೇಳಬೇಡಿ.