ಕಾರ್ ಕ್ಲಬ್ ಶುರು ಮಾಡುವಾಗ ಉದ್ದೇಶ, ಮೌಲ್ಯ ಅಂತ ಏನು ಬರೆದುಕೊಳ್ಳಬೇಕು?

ಹಾಸನದಲ್ಲಿ ಒಂದಷ್ಟು ಗೆಳೆಯರು ಸೇರಿ ಕಾರ್ ಕ್ಲಬ್ ಕಟ್ಟುತ್ತಿದ್ದೀರಿ. ಉದ್ದೇಶ ಮತ್ತು ಮೌಲ್ಯಗಳ ಪಟ್ಟಿ ಹೇಗಿರಬೇಕು, ಹಳೇ ಕಾರಿಗೆ ಮಾತ್ರ ಜಾಗವೋ ಅಥವಾ ಮಾಡಿಫೈ ಮಾಡಿಸಿದ ಕಾರನ್ನೂ ಸೇರಿಸಬೇಕೋ, ಫೀಸು ಎಷ್ಟಿಡಬೇಕು, ಮೊದಲ ಡ್ರೈವ್ ಬಿಸಿಲೆ ಘಾಟಿಗೆ ಇಟ್ಟುಕೊಳ್ಳಬಹುದಾ, ಲೋಗೋ ಹೇಗಿರಲಿ ಅಂತೆಲ್ಲ ಕೇಳಿದ್ದೀರಿ. ಇವೇ ಪ್ರಶ್ನೆಗಳನ್ನು ನಾವೂ ಕೇಳಿಕೊಂಡಿದ್ದೆವು. ಎಲ್ಲಕ್ಕೂ ಚೆಂದದ ಉತ್ತರ ಬರೆದು, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೆವು.

ನಾನು ಮೈಸೂರಿನವನು. ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಗೃಹಪ್ರವೇಶದ ಕಾರ್ಡು, ಇಂಥವು. ನನ್ನ ಹತ್ತಿರ ಒಂದು ಪ್ರೀಮಿಯರ್ ಪದ್ಮಿನಿ ಇತ್ತು. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದದ್ದು. ಹುಟ್ಟಿನಲ್ಲಿ ಫಿಯೆಟ್ 1100 ಆದ್ದರಿಂದ ನಮ್ಮ ಕಡೆ ಇವತ್ತಿಗೂ ಅದನ್ನು ಫಿಯೆಟ್ ಅಂತಲೇ ಕರೆಯೋದು. ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ ಇತ್ತು. 1089 ಸಿಸಿ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನಮ್ಮ ಮಾವನವರು ಓಡಿಸಿ ನನಗೆ ಕೊಟ್ಟಿದ್ದ ಕಾರದು.

ಅದನ್ನು ರಿಪೇರಿ ಮಾಡುತ್ತಿದ್ದವರು ಒಬ್ಬ ವಯಸ್ಸಾದ ಮೆಕ್ಯಾನಿಕ್ಕು. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರ ಶೆಡ್ಡಿನ ಮುಂದೆ ನಮ್ಮಂಥವರೇ ನಾಲ್ಕೈದು ಜನ ಸೇರುತ್ತಿದ್ದೆವು. ಒಬ್ಬರದ್ದು ಅಂಬಾಸಿಡರ್, ಇಬ್ಬರದ್ದು ಮಾರುತಿ 800. ಡಾಕ್ಟರೊಬ್ಬರ ಕಾಂಟೆಸ್ಸಾ ಓಡಿದ್ದಕ್ಕಿಂತ ತಳ್ಳಿಸಿಕೊಂಡಿದ್ದೇ ಜಾಸ್ತಿ. ಹೆಸರಿಲ್ಲ, ಫೀಸಿಲ್ಲ, ಅಧ್ಯಕ್ಷರಿಲ್ಲ. ಕಾಫಿ ಕುಡಿಯೋದು, ಯಾರದ್ದಾದರೂ ಬಾನೆಟ್ ಎತ್ತೋದು, ಅಷ್ಟೇ.

ಒಂದು ದಿನ ಭಾಯ್ ನನ್ನ ಕಾರಿನ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಬ್ಬಿ) ಮುಚ್ಚಳ ಬಿಚ್ಚಿ, ಒಳಗೆ ಕರೆಂಟ್ ಕೂಡಿಸಿ ಬಿಡಿಸುವ ಪಾಯಿಂಟ್ ಸುಟ್ಟುಹೋಗಿದೆ ಅಂತ ತೋರಿಸಿದರು. ನುಣುಪು ಉಪ್ಪು ಕಾಗದದಿಂದ ಉಜ್ಜಿದರು. ಇನ್ನು ಪಾಯಿಂಟ್ ಮಧ್ಯೆ ಸುಮಾರು 0.4 ಮಿ.ಮೀ. ಸಂದು ಬಿಡಬೇಕು. ಅಳೆಯುವ ಗೇಜು ಆವತ್ತು ಸಿಗಲಿಲ್ಲ. ನನ್ನ ಶರ್ಟಿನ ಜೇಬಿನಲ್ಲಿ ಪ್ರೆಸ್ಸಿನ ಸ್ಯಾಂಪಲ್ ಕಾರ್ಡು ಇತ್ತು. ಅದರ ಮೂಲೆ ಹರಿದು, ಸಂದಿನಲ್ಲಿ ತೂರಿಸಿ, ಮೆಲ್ಲಗೆ ಹಿಂದೆ ಮುಂದೆ ಎಳೆದು ನೋಡಿ ಸ್ಕ್ರೂ ಬಿಗಿ ಮಾಡಿದರು. ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೆ ಕಾರು ಸ್ಟಾರ್ಟ್ ಆಯಿತು. ಮುಂದಿನ ವಾರದಿಂದ ಎಲ್ಲರೂ ನನ್ನ ಹತ್ತಿರ ಕಾರ್ಡಿನ ತುಂಡು ಕೇಳಲು ಶುರು ಮಾಡಿದರು. ನನ್ನ ಲೆಕ್ಕದಲ್ಲಿ ನಮ್ಮ ಕ್ಲಬ್ಬಿನ ಒಳ್ಳೇ ಕಾಲ ಅದೇ.

ಆಮೇಲೆ ನಮಗೆ ಹೆಸರು ಬೇಕು ಅನ್ನಿಸಿತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ಸಂಘ ನೋಂದಣಿ ಮಾಡಿಸಬಹುದು. ಮಾಡಿಸಿದೆವು. ಅದಕ್ಕೆ ಉದ್ದೇಶಗಳನ್ನು ಬರೆದು ಕೊಡಬೇಕು. ನಾನೇ ಬರೆದೆ. ಮೋಟಾರು ಪರಂಪರೆಯ ರಕ್ಷಣೆ, ಸದಸ್ಯರಲ್ಲಿ ಸೌಹಾರ್ದ, ಸುರಕ್ಷಿತ ಚಾಲನೆಯ ಪ್ರಚಾರ, ಯುವಜನರಿಗೆ ಮಾರ್ಗದರ್ಶನ... ನಿಮ್ಮ ಪಟ್ಟಿಯಲ್ಲೂ ಇವೇ ಇರುತ್ತವೆ, ಬೇಕಾದರೆ ನೋಡಿಕೊಳ್ಳಿ. ಆರ್ಟ್ ಪೇಪರ್ ಮೇಲೆ ಬಂಗಾರದ ಬಣ್ಣದಲ್ಲಿ ಪ್ರಿಂಟ್ ಮಾಡಿದೆ. ಪೇಪರಿನಲ್ಲಿ ಫೋಟೋ ಬಂತು. ಸದಸ್ಯರು ಜಾಸ್ತಿಯಾದರು. ಹೊಸದಾಗಿ ಬಂದವರಲ್ಲಿ ಅರ್ಧ ಜನ ಹುಡುಗರು. ಝೆನ್, ಎಸ್ಟೀಮ್ ಇಟ್ಟುಕೊಂಡು ಸೈಲೆನ್ಸರ್ ಬದಲಾಯಿಸಿದವರು. ಅವರ ಬಗ್ಗೆ ನನಗೇನೂ ಕೋಪವಿಲ್ಲ. ಕಾರಿನ ಹುಚ್ಚು ನಮಗಿಂತ ಅವರಿಗೇ ಜಾಸ್ತಿ ಇತ್ತು. ಅವರು ಬಂದಾಗ ನಾವು ಏನು ಮಾಡುತ್ತಿದ್ದೆವು ಅನ್ನೋದೇ ಪ್ರಶ್ನೆ. ಅಷ್ಟು ಹೊತ್ತಿಗೆ ಬಾನೆಟ್ ಎತ್ತೋದು ನಿಂತಿತ್ತು. ಶೆಡ್ಡಿನ ಮುಂದೆ ಸೇರುವವರು ಹೋಟೆಲ್ ಹಾಲಿನಲ್ಲಿ ಮೀಟಿಂಗ್ ಮಾಡುತ್ತಿದ್ದೆವು. ಭಾಯ್ ಒಂದು ಸಲ ಬಂದು, ಹಿಂದಿನ ಸಾಲಿನಲ್ಲಿ ಕೂತು, ಕಾಫಿ ಕುಡಿದು ಎದ್ದುಹೋದರು. ಮತ್ತೆ ಬರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಯಾಕೆಂದರೆ ಅದು ತಪ್ಪು ಅಂತ ಮಾಡುವಾಗ ಯಾರಿಗೂ ಅನ್ನಿಸಲಿಲ್ಲ.

ವಾರ್ಷಿಕೋತ್ಸವಕ್ಕೆ ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಮೇಲುಕೋಟೆಗೆ ಡ್ರೈವ್ ಇಟ್ಟೆವು. ಅಲ್ಲಿ ಪುಳಿಯೋಗರೆ ತಿಂದು ವಾಪಸ್ ಬರೋದು. ಟೈರ್ ಅಂಗಡಿಯವರೊಬ್ಬರು ಪ್ರಾಯೋಜಕರಾಗಿ ಎರಡು ಹೊಸ ಟೈರ್ ಬಹುಮಾನವಾಗಿ ಕೊಡ್ತೀನಿ ಅಂದರು. ಪುಕ್ಕಟೆ ಬಂದದ್ದನ್ನು ಬಿಡೋದುಂಟಾ? ಆದರೆ ಯಾರಿಗೆ ಕೊಡೋದು? ಚೆನ್ನಾಗಿ ಇಟ್ಟುಕೊಂಡ ಕಾರಿಗೆ ಕೊಡಬಹುದಿತ್ತು. ಅದಕ್ಕೆ ತೀರ್ಪುಗಾರರು ಬೇಕು. ತೀರ್ಪುಗಾರರು ಅಂದರೆ ಜಗಳ. ಅಂಬಾಸಿಡರ್‌ನವರಿಗೂ ಕಾಂಟೆಸ್ಸಾದವರಿಗೂ ಆಗಲೇ ಮಾತು ನಿಂತಿತ್ತು. ಚೀಟಿ ಎತ್ತೋಣ ಅಂದರೆ ಪ್ರಾಯೋಜಕರಿಗೆ ಇಷ್ಟವಾಗಲಿಲ್ಲ, ಫೋಟೋದಲ್ಲಿ ಗೆದ್ದವನು ಕಾಣಬೇಕು ಅಂದರು. ಕರಪತ್ರ ರಾತ್ರಿಯೇ ಪ್ರಿಂಟಿಗೆ ಹೋಗಬೇಕಿತ್ತು. ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಇತ್ತು. ಯಾರಲ್ಲೂ ತಕರಾರು ಬರದ ದಾರಿ ನನಗೆ ಹೊಳೆದದ್ದು ಒಂದೇ. 'ಮೇಲುಕೋಟೆ ಮೊದಲು ತಲುಪುವ ಕಾರಿಗೆ ಎರಡು ಟೈರ್ ಬಹುಮಾನ' ಅಂತ ಟೈಪ್ ಮಾಡಿದೆ. ದಪ್ಪಕ್ಷರದಲ್ಲಿ.

ಪ್ರೂಫ್ ಗುಂಪಿಗೆ ಕಳುಹಿಸಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ಒಬ್ಬರೂ ಇದು ರೇಸ್ ಆಗುತ್ತಲ್ಲ ಅನ್ನಲಿಲ್ಲ. ಪದ್ಮಿನಿ, ಅಂಬಾಸಿಡರ್ ಏನು ರೇಸ್ ಮಾಡ್ತವೆ ಅನ್ನೋದು ನಮ್ಮ ತಲೆಯಲ್ಲಿತ್ತು. ಹುಡುಗರ ತಲೆಯಲ್ಲಿ ಏನಿತ್ತು ಅಂತ ನಾವು ಕೇಳಲಿಲ್ಲ.

ಕಬ್ಬು ಕಡಿಯುವ ಕಾಲ. ಪಾಂಡವಪುರ ದಾಟಿದ ಮೇಲೆ ಒಂದು ಟ್ರ್ಯಾಕ್ಟರ್ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಹೋಗುತ್ತಿತ್ತು. ಕಬ್ಬಿನ ತುದಿ ಹಿಂದಕ್ಕೂ ಪಕ್ಕಕ್ಕೂ ಚಾಚಿಕೊಂಡಿತ್ತು. ಎಸ್ಟೀಮ್ ಓಡಿಸುತ್ತಿದ್ದ ಹುಡುಗ ತಿರುವಿನಲ್ಲೇ ಅದನ್ನು ಓವರ್‌ಟೇಕ್ ಮಾಡಲು ಹೋದ. ಎದುರಿನಿಂದ ಬಸ್ಸು ಬಂತು. ಹೇಗೋ ಎಡಕ್ಕೆ ಕತ್ತರಿಸಿ ರಸ್ತೆ ಬಿಟ್ಟು ಹುಣಸೆ ಮರಕ್ಕೆ ಹೊಡೆದ. ಟ್ರ್ಯಾಕ್ಟರಿನವನು ಗಾಬರಿಯಾಗಿ ಬ್ರೇಕ್ ಹಾಕಿದ. ಹಿಂದಿದ್ದ ನಮ್ಮ ಅಂಬಾಸಿಡರ್ ನಿಲ್ಲಲಿಲ್ಲ, ಟ್ರೇಲರಿಗೆ ಗುದ್ದಿತು. ಹುಡುಗನ ಭುಜದ ಮೂಳೆ ಮುರಿಯಿತು. ಪಕ್ಕ ಕೂತಿದ್ದವನ ಮುಖಕ್ಕೆ ಹೊಲಿಗೆ ಬಿತ್ತು. ಜೀವ ಹೋಗಲಿಲ್ಲ, ಅಷ್ಟೇ ಪುಣ್ಯ. ನಾನು ಹಿಂದಿನಿಂದ ಬಂದು ನೋಡಿದಾಗ ಎಸ್ಟೀಮ್‌ನ ವೈಪರ್ ಒಂದೇ ಆಡುತ್ತಿತ್ತು, ಬಿಸಿಲಿನಲ್ಲಿ.

ಕಾರಿಗೆ ಫುಲ್ ಇನ್ಶೂರೆನ್ಸ್ ಇತ್ತು. ಹುಡುಗನ ತಂದೆ ಧೈರ್ಯವಾಗಿದ್ದರು. ಸರ್ವೇಯರ್ ಬಂದವರು ಮೊಬೈಲ್ ತೆಗೆದು ನನ್ನ ಕರಪತ್ರ ತೋರಿಸಿದರು. ಮಾಮೂಲಿ ಖಾಸಗಿ ಕಾರಿನ ಪಾಲಿಸಿಯಲ್ಲಿ ರೇಸು, ವೇಗ ಪರೀಕ್ಷೆ ಇಂಥದ್ದಕ್ಕೆ ಕಾರು ಬಳಸಿದರೆ ಪರಿಹಾರವಿಲ್ಲ ಅಂತ ಬರೆದೇ ಇರುತ್ತದೆ. ಯಾರು ಓದ್ತಾರೆ ಹೇಳಿ? ಕ್ಲೇಮು ತಿರಸ್ಕಾರ ಆಯಿತು. ಪೊಲೀಸ್ ಠಾಣೆಯಲ್ಲೂ ಅದೇ ಕರಪತ್ರ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡಿದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 'ಸುರಕ್ಷಿತ ಚಾಲನೆಯ ಪ್ರಚಾರ' ಅಂತ ಬರೆದಿದ್ದ ನಮ್ಮ ಉದ್ದೇಶಗಳ ಪ್ರತಿಯನ್ನೂ ನಾನು ಒಯ್ದಿದ್ದೆ. ಇನ್ಸ್‌ಪೆಕ್ಟರ್ ಅದನ್ನು ತಿರುಗಿಸಿಯೂ ನೋಡಲಿಲ್ಲ.

ಆಸ್ಪತ್ರೆ ಖರ್ಚು, ಎರಡು ಕಾರಿನ ರಿಪೇರಿ, ವಕೀಲರು. ಕ್ಲಬ್ಬಿನ ಖಾತೆಯಲ್ಲಿ ಇದ್ದದ್ದು ಬ್ಯಾನರಿಗೆ ಸಾಲುವಷ್ಟು. ಸಾಲು ಟೈಪ್ ಮಾಡಿದವನು ನಾನು. ಪದ್ಮಿನಿ ಮಾರಿದೆ. ಕೊಂಡವರು ಕೇರಳದವರು, ಲಾರಿಯ ಮೇಲೆ ಏರಿಸಿಕೊಂಡು ಹೋದರು. ಮಾವನವರಿಗೆ ಹೇಳಲು ನನ್ನ ಹೆಂಡತಿಯನ್ನು ಮುಂದೆ ಬಿಟ್ಟೆ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೌಲ್ಯಗಳ ಪಟ್ಟಿ ಈಗ ಬರೆಯಬೇಡಿ. ಕ್ಲಬ್ಬು ಯಾವುದಕ್ಕೆ ಬಹುಮಾನ ಕೊಡುತ್ತದೋ ಸದಸ್ಯರು ಅದನ್ನೇ ಮಾಡ್ತಾರೆ, ಗೋಡೆಯ ಮೇಲೆ ಏನು ಬೇಕಾದರೂ ಇರಲಿ. ದುಡ್ಡಿನ ವ್ಯವಹಾರ ಬೆಳೆದ ಮೇಲೆ ಸಂಘ ನೋಂದಣಿ ಮಾಡಿಸಿ. ಆಗ ಉದ್ದೇಶ ಬರೆಯಲೇಬೇಕಾಗುತ್ತದೆ. ಅಷ್ಟರಲ್ಲಿ ನೀವು ಭಾನುವಾರಗಳಲ್ಲಿ ಏನು ಮಾಡ್ತಿದ್ದೀರೋ ಅದನ್ನೇ ಬರೆದರಾಯಿತು.

ಹಳೇ ಕಾರು, ಹೊಸ ಕಾರು ಅಂತ ಬೇಲಿ ಹಾಕಬೇಡಿ. ಮಾರುತಿ 800 ಬಂದದ್ದು 1983ರಲ್ಲಿ, ಅದೂ ಈಗ ಹಳೇ ಕಾರೇ. 'ವಿಂಟೇಜ್' ಅಂತ ಸರ್ಕಾರ ಒಪ್ಪಬೇಕಾದರೆ ಮಾತ್ರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಕಾರು ಮೂಲ ರೂಪದಲ್ಲಿರಬೇಕು. 2021ರಲ್ಲಿ ಬಂದ ನಿಯಮ ಅದು. ನೋಂದಣಿಗೆ 20,000 ರೂಪಾಯಿ ಕೊಡಬೇಕು, ದಿನನಿತ್ಯ ಓಡಿಸುವಂತಿಲ್ಲ. ನಿಮ್ಮ ಗೆಳೆಯರು ಕೆಲಸಕ್ಕೆ ಹೋಗುವ ಕಾರಿಗೆ ಅದು ಬೇಡ. ಹದಿನೈದು ವರ್ಷ ಆದ ಮೇಲೆ ಆರ್‌ಸಿ ನವೀಕರಣ, ಆಮೇಲೆ ಐದೈದು ವರ್ಷಕ್ಕೊಮ್ಮೆ ಮತ್ತೆ. ಅದು ಸರಿಯಾಗಿದ್ದರೆ ಸಾಕು. ಡ್ರೈವ್‌ಗೆ ಬರುವ ಮುಂಚೆ ಆರ್‌ಸಿ, ಇನ್ಶೂರೆನ್ಸ್ ನೋಡಿ. ಸ್ನೇಹಿತ ಅಂತ ಸಂಕೋಚ ಬೇಡ.

ಮಾಡಿಫೈ ಬಗ್ಗೆ ನನ್ನದು ಸ್ವಲ್ಪ ಹಳೇ ಕಾಲದ ಮನಸ್ಸು ಅಂತ ಮಕ್ಕಳು ಬೈತಾರೆ. ಇರಲಿ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕರ್ಕಶ ಸೈಲೆನ್ಸರಿನ ಹುಡುಗ ಬಂದರೆ ಓಡಿಸಬೇಡಿ, ಒಳಗೆ ಕರೆಯಿರಿ. ಆದರೆ ಮೂಲ ಸೈಲೆನ್ಸರ್ ಹಾಕಿಸಿಕೊಂಡು ಡ್ರೈವ್‌ಗೆ ಬಾ ಅನ್ನಿ. ವೇಗದ ಆಸೆ ನಿಜವಾಗಿಯೂ ಇದ್ದವರು ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಒಕ್ಕೂಟ) ಮಾನ್ಯತೆ ಇರುವ ರ‍್ಯಾಲಿಗಳಿಗೆ ಹೋಗಲಿ. ಅಲ್ಲಿ ಲೈಸೆನ್ಸು, ಹೆಲ್ಮೆಟ್ಟು, ಮುಚ್ಚಿದ ರಸ್ತೆ ಎಲ್ಲ ಇರುತ್ತೆ. ನಮ್ಮಲ್ಲಿ ಕೆ-1000 ರ‍್ಯಾಲಿ ಇಲ್ಲವಾ? ಅದಕ್ಕೊಂದು ಗುಂಪಾಗಿ ಹೋಗಿ ನೋಡಿಕೊಂಡು ಬನ್ನಿ.

ಬಿಸಿಲೆ ಬೇಡ. ದಯವಿಟ್ಟು ಬೇಡ. ಡ್ರಮ್ ಬ್ರೇಕಿನ ಕಾರು ಘಾಟಿ ಇಳಿಯುವಾಗ ಬ್ರೇಕ್ ಒತ್ತುತ್ತಲೇ ಇದ್ದರೆ ಡ್ರಮ್ ಕಾದು, ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ. ಎರಡನೇ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಇಳಿಯುವ ಅಭ್ಯಾಸ ಎಲ್ಲರಿಗೂ ಆದ ಮೇಲೆ ಯೋಚಿಸಿ. ಮೊದಲು ಹಳೇಬೀಡಿಗೆ ಹೋಗಿ ಬನ್ನಿ. ಅತೀ ನಿಧಾನದ ಕಾರು ಮುಂದೆ ಹೋಗಲಿ, ಅದನ್ನು ಯಾರೂ ದಾಟಬಾರದು. ಸ್ಪ್ಯಾನರ್, ಹಗ್ಗ, ನೀರಿನ ಕ್ಯಾನು ಇರುವ ಕಾರು ಕಟ್ಟಕಡೆಗೆ. ಏಪ್ರಿಲ್ ಬಿಸಿಲಲ್ಲಿ ಪದ್ಮಿನಿ ನಿಂತರೆ ಹೆದರಬೇಡಿ. ಎಂಜಿನ್ನಿಗೆ ಪೆಟ್ರೋಲ್ ಎಳೆದುಕೊಡುವ ಪಂಪು ಕಾದು ಒಳಗೆ ಆವಿ ಕಟ್ಟಿಕೊಂಡಿರುತ್ತದೆ. ಒದ್ದೆ ಬಟ್ಟೆ ಸುತ್ತಿ ಕಾಯಿರಿ.

ಫೀಸು ಎಷ್ಟಾದರೂ ಇಡಿ, ಬ್ಯಾನರಿಗೆ ಮಾತ್ರ ಹಾಕಬೇಡಿ. ಒಂದು ತಗಡಿನ ಪೆಟ್ಟಿಗೆಯಲ್ಲಿ ಫ್ಯಾನ್ ಬೆಲ್ಟು, ಪಾಯಿಂಟ್ ಸೆಟ್ಟು, ಕಂಡೆನ್ಸರು, ಪೆಟ್ರೋಲ್ ಪಂಪಿನ ಡಯಾಫ್ರಂ, ಮಾರುತಿಗೆ ಕ್ಲಚ್ ಕೇಬಲ್ಲು ಇಟ್ಟುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಸುತ್ತಿದರೆ ಬಹಳಷ್ಟು ಸಿಗುತ್ತದೆ. ಪೆಟ್ಟಿಗೆ ಸದಸ್ಯರಲ್ಲದವರಿಗೂ ತೆರೆದಿರಲಿ. ಮತ್ತೆ ನಿಮ್ಮೂರಿನ ಹಳೇ ಮೆಕ್ಯಾನಿಕ್ ಯಾರಿದ್ದಾರೋ ಅವರನ್ನು ಮೊದಲ ಸದಸ್ಯರನ್ನಾಗಿ ಮಾಡಿ. ಫೀಸು ತಗೋಬೇಡಿ. ಭಾನುವಾರ ಅವರ ಸಮಯಕ್ಕೆ ನೀವೇ ದುಡ್ಡು ಕೊಡಿ. ಮುಂದಿನ ಸಾಲಿನಲ್ಲಿ ಕೂರಿಸಿ.

ಲೋಗೋ ಯಾರ ಹತ್ತಿರ ಬೇಕಾದರೂ ಮಾಡಿಸಿ, ಅದರಲ್ಲೇನೂ ಇಲ್ಲ. ಸ್ಟಿಕ್ಕರನ್ನು ಹಿಂದಿನ ಗಾಜಿನ ಮೂಲೆಗೆ ಅಂಟಿಸಿ, ನಂಬರ್ ಪ್ಲೇಟಿನ ಮೇಲೆ ಬೇಡ. 2019ರ ಏಪ್ರಿಲ್‌ಗೆ ಮುಂಚಿನ ಕಾರುಗಳಿಗೂ ಈಗ ಎಚ್‌ಎಸ್‌ಆರ್‌ಪಿ ಅನ್ನುವ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಬೇಕು, ನಿಮ್ಮವರು ಹಾಕಿಸಿದ್ದಾರಾ ಕೇಳಿ.