ಓದುಗರ ಪ್ರಶ್ನೆ: ಒಲಿಂಪಿಯದ ಓಟದ ಅಂಗಳ

ಪ್ರಶ್ನೆ: ಪ್ರಾಚೀನ ಗ್ರೀಸಿನಲ್ಲಿ ಒಲಿಂಪಿಕ್ಸ್ ನಡೆಯುತ್ತಿದ್ದ ಒಲಿಂಪಿಯದ ಓಟದ ಅಂಗಳ 192 ಮೀಟರ್, ಅಲ್ಲಿನದೇ ಇನ್ನೊಂದು ಕ್ರೀಡಾಸ್ಥಳವಾದ ಡೆಲ್ಫಿಯದ್ದು ಸುಮಾರು 177.5. ಎರಡನ್ನೂ ‘ಒಂದು ಸ್ಟೇಡಿಯನ್’ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಸ್ಟೇಡಿಯನ್ ಎಂದರೆ 600 ಅಡಿ. ಆದರೆ ಅಡಿಯ ಅಳತೆ ಊರಿಗೊಂದಿತ್ತು. ಒಲಿಂಪಿಯದ ಅಡಿ ಸುಮಾರು 32 ಸೆಂ.ಮೀ., ಡೆಲ್ಫಿಯದ್ದು 29.6. ಗುಣಿಸಿ ನೋಡಿ, ಲೆಕ್ಕ ಕೂಡುತ್ತದೆ.

ಪ್ರಶ್ನೆ: ಓಟ ಶುರುವಾಗುವಲ್ಲಿ ಹಾಸಿದ ಕಲ್ಲಿನ ಮೇಲೆ ಎರಡು ಗೀರುಗಳಿವೆ. ಏತಕ್ಕೆ?

ಉತ್ತರ: ಕಾಲ್ಬೆರಳು ಊರುವುದಕ್ಕೆ. ಈ ಕಲ್ಲುಸಾಲಿನ ಹೆಸರು ಬಾಲ್ಬಿಸ್. ಗೀರುಗಳ ನಡುವೆ ಒಂದು ಗೇಣೂ ಇಲ್ಲ. ಹಾಗಾಗಿ ಇಂದಿನವರಂತೆ ಕೈಯೂರಿ ಕೂರುತ್ತಿರಲಿಲ್ಲ. ಬರಿಗಾಲಲ್ಲಿ ಒಂದು ಪಾದ ತುಸು ಮುಂದಿಟ್ಟು, ಕೈ ಮುಂದೆ ಚಾಚಿ, ನಿಂತೇ ಹೊರಡುತ್ತಿದ್ದರು. ಮೊದಲೇ ಹೊರಟವನಿಗೆ ಚಾಟಿಯೇಟು.

ಬರೀ ಏಟಿಗೆ ಬಗ್ಗದವರೂ ಇದ್ದಿರಬೇಕು, ಮುಂದೆ ಹಿಸ್ಪ್ಲೆಕ್ಸ್ ಎಂಬ ಯಂತ್ರ ಬಂತು. ಸಾಲಿನ ಎರಡು ತುದಿಗೂ ಒಂದೊಂದು ಕಂಬ. ಕಂಬದ ಬುಡವನ್ನು ಬಿಗಿಯಾಗಿ ತಿರುಚಿದ ಹುರಿಯೊಳಗೆ ಸಿಕ್ಕಿಸುತ್ತಿದ್ದರು. ಕವಣೆಯಂತ್ರಕ್ಕೂ ಇದೇ ತತ್ವ. ಓಟಗಾರರ ಮುಂದೆ ಮೊಣಕಾಲಿನ ಮಟ್ಟಕ್ಕೊಂದು, ಸೊಂಟದ ಮಟ್ಟಕ್ಕೊಂದು ಹಗ್ಗ. ಹಿಂದೆ ನಿಂತ ಅಧಿಕಾರಿ ದಾರ ಎಳೆದರೆ ಕಂಬಗಳೆರಡೂ ಮುಂದಕ್ಕೆ ಅಪ್ಪಳಿಸಿ, ಹಗ್ಗ ನೆಲ ಸೇರುತ್ತಿತ್ತು. ಅವಸರ ಮಾಡಿದವನು ಹಗ್ಗಕ್ಕೆ ತೊಡರಿ ತಾನೇ ಸಿಕ್ಕಿಬೀಳುತ್ತಿದ್ದ. ಕಷ್ಟವಿದ್ದದ್ದು ಹುರಿಯ ಬಿಗಿಯಲ್ಲಿ: ಎರಡೂ ಕಡೆ ಸಮನಾಗಿರದಿದ್ದರೆ ಒಂದು ಕಂಬ ಮೊದಲು ಬೀಳುತ್ತದೆ, ಆ ತುದಿಯವನಿಗೆ ಅನುಕೂಲವಾಗುತ್ತದೆ. ಗ್ರೀಸಿನ ಮತ್ತೊಂದು ಹಳೆಯ ಕ್ರೀಡಾಸ್ಥಳವಾದ ನೆಮೆಯದಲ್ಲಿ ಇದನ್ನು ಮತ್ತೆ ಕಟ್ಟಿ, ಓಡಿಯೂ ನೋಡಿದ್ದಾರೆ.

ಪ್ರಶ್ನೆ: ಒಲಿಂಪಿಯದಲ್ಲಿ ಕಲ್ಲಿನ ಆಸನಗಳು ಕಾಣುವುದಿಲ್ಲ. ಹಾಳಾದವೇ?

ಉತ್ತರ: ಪ್ರೇಕ್ಷಕರಿಗೆ ಅಲ್ಲಿ ಕಲ್ಲಿನ ಆಸನ ಇರಲೇ ಇಲ್ಲ. ಸುಮಾರು 45,000 ಮಂದಿ ಮಣ್ಣಿನ ದಿಬ್ಬಗಳ ಮೇಲೆಯೇ ಇರುತ್ತಿದ್ದರು. ದಕ್ಷಿಣದ ದಿಬ್ಬದಲ್ಲಿ ತೀರ್ಪುಗಾರರಿಗೊಂದು ಕಲ್ಲುಕಟ್ಟೆ, ಅದರೆದುರು ಡಿಮೀಟರ್ ದೇವಿಯ ಪೂಜಾರಿಣಿಗೊಂದು ಪೀಠ, ಅಷ್ಟೇ. ಮೆಟ್ಟಿಲು ಸಾಲು ನೋಡಬೇಕೆಂದರೆ ಡೆಲ್ಫಿಗೆ ಹೋಗಿ, ಅವು ರೋಮನ್ನರ ಕಾಲದವು.

ಒಲಿಂಪಿಯದಲ್ಲಿ ತಪ್ಪಿಸಿಕೊಳ್ಳಬಾರದ್ದು ಅಂಗಳದ ಸುತ್ತಲಿನ ಕಲ್ಲಿನ ನೀರುಗಾಲುವೆ. ನಡುನಡುವೆ ಚಿಕ್ಕ ತೊಟ್ಟಿಗಳಿವೆ. ಒಲಿಂಪಿಕ್ಸ್ ಸುಡುಬೇಸಿಗೆಯಲ್ಲಿ ನಡೆಯುತ್ತಿದ್ದುದನ್ನು ನೆನೆದರೆ ಅವುಗಳ ಬೆಲೆ ತಿಳಿಯುತ್ತದೆ. ಒಳಬರುವ ಕಮಾನಿನ ಸುರಂಗ ಸುಮಾರು 32 ಮೀಟರ್ ಉದ್ದ. ಈಗ ಕಮಾನಿನ ಒಂದು ತುಂಡಷ್ಟೇ ನಿಂತಿದೆ. ಅದನ್ನು ಹೊಗುವ ಮೊದಲು ಎಡಗಡೆ ನೋಡಿ: 16 ಪೀಠಗಳ ಸಾಲು. ಮೋಸ ಮಾಡಿದವರ ದಂಡದ ಹಣದಲ್ಲಿ ಜ್ಯೂಸ್ ದೇವನ ಕಂಚಿನ ವಿಗ್ರಹ ಮಾಡಿಸಿ, ಪ್ರತಿ ಓಟಗಾರನೂ ಹಾದುಹೋಗುವ ಈ ದಾರಿಯಲ್ಲೇ ನಿಲ್ಲಿಸಿದ್ದರು. ಕಂಚು ಹೋಗಿದೆ, ಕೆಲವು ಪೀಠಗಳ ಮೇಲೆ ವಿಗ್ರಹದ ಪಾದ ಕೂರಿಸಿದ್ದ ಗುಳಿಗಳು ಇನ್ನೂ ಇವೆ.