ನೀವು ಬ್ರಾಕೆಟ್ಟಿನಲ್ಲಿ ಬರೆದ ಸಾಲು

ನಾಲ್ಕು ಪುಟದ ಪತ್ರ. ಅದರಲ್ಲಿ ಮೂರೂ ಮುಕ್ಕಾಲು ಪುಟ ಮನೆಯ ಜಗಳ.

ಮಗಳಿಗೆ ಹದಿನಾರು. 3000 ಮೀಟರ್ ಓಡುತ್ತಾಳೆ, ಚೆನ್ನಾಗಿಯೇ ಓಡುತ್ತಾಳೆ. ಎರಡು ತಿಂಗಳಿಂದ ಎಡ ಮೊಣಕಾಲಿನ ಕೆಳಗಿನ ಮೂಳೆ ನೋವು. ಡಾಕ್ಟರು ಎಕ್ಸ್‌ರೇ ನೋಡಿ, ಇದರಲ್ಲೇನೂ ಕಾಣುತ್ತಿಲ್ಲ, ಆದರೂ ಆರು ವಾರ ಓಡಬೇಡ ಅಂದರು. ಸೆಲೆಕ್ಷನ್ ಇರುವುದು ಮೂರೇ ವಾರಕ್ಕೆ. ಟೇಪ್ ಸುತ್ತಿ ಓಡಿಸೋಣ ಅಂತ ಕೋಚ್. ನಿಮ್ಮ ಮನೆಯವರು ಕೋಚ್ ಪರ, ಮಗಳು ಅಪ್ಪನ ಪರ, ಡಾಕ್ಟರ ಪರ ನೀವೊಬ್ಬರೇ. “ನಾನು ಪಟ್ಟು ಹಿಡಿದು ನಿಲ್ಲಿಸಿದರೆ ಅವಳು ಮುಂದೆ ಯಾವತ್ತಾದರೂ ನನ್ನನ್ನು ಕ್ಷಮಿಸುತ್ತಾಳಾ?” ಅಂತ ಕೇಳಿದ್ದೀರಿ.

ಕ್ಷಮಿಸುತ್ತಾಳೆ. ಒಂದಷ್ಟು ದಿನ ಬಾಗಿಲು ದಢಾರನೆ ಹಾಕಿಕೊಳ್ಳುತ್ತಾಳೆ, ಆಮೇಲೆ ಕ್ಷಮಿಸುತ್ತಾಳೆ. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ನನ್ನ ನಿದ್ದೆ ಕೆಡಿಸಿದ್ದು ಬೇರೆ. ಮೂರನೇ ಪುಟದ ಬುಡದಲ್ಲಿ, ಜಾಗ ಸಾಲದೆ ಬ್ರಾಕೆಟ್ ಹಾಕಿ ಸಣ್ಣಕ್ಷರದಲ್ಲಿ ತುರುಕಿದ್ದೀರಲ್ಲ, ಅದು: “(ಐದು ತಿಂಗಳಿಂದ ಮುಟ್ಟಾಗಿಲ್ಲ. ಚೆನ್ನಾಗಿ ಓಡೋ ಹುಡುಗೀರಿಗೆಲ್ಲ ಹಾಗೇ ಅಂತೆ. ಅದೊಂದು ರಗಳೆ ತಪ್ಪಿತು ಅಂತ ಅವಳಿಗೂ ಖುಷಿ.)”

ತಾಯಿ, ಇಡೀ ಪತ್ರ ಇರುವುದು ಆ ಬ್ರಾಕೆಟ್ಟಿನೊಳಗೆ. ಮಿಕ್ಕಿದ್ದೆಲ್ಲ ಅದರ ಸುತ್ತ ನಡೆದ ಗಲಾಟೆ.

ಮೈ ಎಂಬುದೂ ಒಂದು ಸಂಸಾರವೇ. ತಿಂದದ್ದರಲ್ಲಿ ಓಟಕ್ಕೆ ಹೋಗಿ ಉಳಿದದ್ದರಲ್ಲಿ ಬೆಳವಣಿಗೆ, ರಿಪೇರಿ, ಮುಟ್ಟು, ಮೂಳೆ ಎಲ್ಲ ತೂಗಬೇಕು. ಉಳಿದದ್ದು ಸಾಲದೆ ಬಂದಾಗ ಮೆದುಳು ಖರ್ಚು ಕಡಿಮೆ ಮಾಡಲು ಕೂರುತ್ತದೆ. ಉಸಿರಾಟ ನಿಲ್ಲಿಸುವಂತಿಲ್ಲ, ಹೃದಯ ನಿಲ್ಲಿಸುವಂತಿಲ್ಲ. ಮುಟ್ಟನ್ನು ನಿಲ್ಲಿಸಬಹುದು, ನಿಲ್ಲಿಸುತ್ತದೆ. ಅಂಡಾಶಯಕ್ಕೆ ಹೋಗಬೇಕಾದ ಸೂಚನೆ ಕ್ಷೀಣವಾಗುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ. ಮೂಳೆ ದಿನವೂ ಒಂದು ಕಡೆ ಕರಗುತ್ತ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತ ಇರುತ್ತದೆ. ಕರಗುವ ಕೆಲಸಕ್ಕೆ ಲಗಾಮು ಹಾಕುವುದು ಈಸ್ಟ್ರೋಜನ್. ಲಗಾಮು ಸಡಿಲವಾದ ಮೂಳೆಯ ಮೇಲೆ ದಿನಾ ಬೆಳಿಗ್ಗೆ ಸಾವಿರಾರು ಸಲ ಹೆಜ್ಜೆ ಕುಟ್ಟಿದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಸ್ಟ್ರೆಸ್ ಫ್ರಾಕ್ಚರ್ ಅನ್ನುವುದು ಅದಕ್ಕೇ.

“ಒಂದು ಬೆರಳಿಟ್ಟು ಒತ್ತಿದರೆ ಹಾ ಅಂತಾಳೆ, ಮೆಟ್ಟಿಲು ಇಳಿಯೋವಾಗ ಅಡ್ಡಡ್ಡ ಇಳೀತಾಳೆ” ಅಂತ ನೀವೇ ಬರೆದಿದ್ದೀರಿ. ಬರೀ ಓಟದ ಆಯಾಸದ ನೋವು ಮೂಳೆಯ ಒಳಅಂಚಿನ ಉದ್ದಕ್ಕೂ ಹರಡಿಕೊಂಡಿರುತ್ತದೆ. ಒಂದೇ ಬೆರಳಿಗೆ ಸಿಗುವ ನೋವು ಅನುಮಾನದ ನೋವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂತ ಕೋಚ್ ಗೆದ್ದಂತೆ ಬೀಗುವುದು ಬೇಡ. ಇಂಥ ಬಿರುಕು ಮೊದಲ ವಾರಗಳಲ್ಲಿ ಎಷ್ಟೋ ಸಲ ಎಕ್ಸ್‌ರೇಗೆ ಸಿಗುವುದೇ ಇಲ್ಲ, ಎಂಆರ್‌ಐಗೆ ಸಿಗುತ್ತದೆ. ಟೇಪಿನ ಬಗ್ಗೆ ನಾನು ಮಾತೇ ಆಡುವುದಿಲ್ಲ.

ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತು: ಪತ್ರದಲ್ಲಿ “ಅಂತೆ” ಎಂಬ ಪದ ಬಂದರೆ ಅದರ ಬಾಲ ಹಿಡಿದು ಹೋಗಬೇಕು, ತುದಿಯಲ್ಲಿ ಯಾರೋ ಕೂತಿರುತ್ತಾರೆ. “ಹಾಗೇ ಅಂತೆ” ಅಂದವರು ಯಾರು ಅಂತ ಪತ್ರವನ್ನು ಮತ್ತೆ ಓದಿದೆ. ಸಿಕ್ಕರು. ಪ್ರತಿ ಸೋಮವಾರ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ತೂಕ ನೋಡಿ, ಹೆಸರಿನ ಮುಂದೆ ಕಿಲೋ ಬರೆದು ಎಲ್ಲರಿಗೂ ಕಾಣುವಂತೆ ಗ್ರೂಪಿಗೆ ಹಾಕುವ ಸಹಾಯಕ ಕೋಚ್ ಮೇಡಂ. “ಶಿಸ್ತು ಜಾಸ್ತಿ, ಆದರೆ ಒಳ್ಳೆಯವರು” ಅಂತ ನೀವು ಅವರಿಗೆ ಸರ್ಟಿಫಿಕೇಟು ಬೇರೆ ಕೊಟ್ಟಿದ್ದೀರಿ. ನಾಲ್ಕನೇ ಪುಟದಲ್ಲಿ ಇನ್ನೊಂದು ಮಾತಿದೆ: “ಭಾನುವಾರ ರಾತ್ರಿ ಮಾತ್ರ ಅವಳಿಗೆ ಯಾಕೋ ಹೊಟ್ಟೆ ಸರಿ ಇರೋದಿಲ್ಲ, ಊಟ ಬೇಡ ಅಂತಾಳೆ.” ಭಾನುವಾರ ಆದಮೇಲೆ ಯಾವ ವಾರ ಬರುತ್ತದೆ, ನೀವೇ ಹೇಳಿ.

ಆ ಮೇಡಂ ಕೂಡ ಒಂದು ಕಾಲಕ್ಕೆ ಓಡಿದವರಂತೆ. ಅವರಿಗೂ ಆಗ ಯಾರೋ ಹಾಗೇ ಹೇಳಿರಬೇಕು. ಇರಲಿ, ನನ್ನ ಸಿಟ್ಟೇನೂ ಇಳಿಯಲಿಲ್ಲ. ಬೆಳೆಯುವ ಮಕ್ಕಳ ತೂಕ ಏರಲೇಬೇಕು, ಅದು ನಾಚಿಕೆಯ ಲೆಕ್ಕವಲ್ಲ. ತೂಕ ಇಳಿದಿಲ್ಲ ಅಂದರೆ ಎಲ್ಲ ಸರಿ ಇದೆ ಅಂತಲೂ ಅರ್ಥವಲ್ಲ. ಮೈ ಒಳಗಿನ ಖರ್ಚನ್ನೇ ಕಡಿಮೆ ಮಾಡಿಕೊಂಡು ತೂಕವನ್ನು ಇದ್ದಲ್ಲೇ ಇಟ್ಟುಕೊಳ್ಳಬಲ್ಲದು.

ಇದೇನು ನಾನು ಕಂಡುಹಿಡಿದದ್ದಲ್ಲ. ಓಟಗಾರ್ತಿಯರಲ್ಲಿ ಊಟ, ಮುಟ್ಟು, ಮೂಳೆ ಮೂರೂ ಒಂದೇ ದಾರದಲ್ಲಿವೆ ಎಂದು ಕ್ರೀಡಾವೈದ್ಯರು 1992ರಲ್ಲೇ ಅದಕ್ಕೊಂದು ಹೆಸರಿಟ್ಟರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದನ್ನು ಇನ್ನಷ್ಟು ವಿಸ್ತರಿಸಿ, ಖರ್ಚಿಗೆ ತಕ್ಕ ಊಟ ಸಾಲದೆ ಮೈ ಸೊರಗುವ ಈ ಸ್ಥಿತಿಯನ್ನು ರೆಡ್-ಎಸ್ ಎಂದು ಕರೆಯಿತು, ಗಂಡುಹುಡುಗರನ್ನೂ ಸೇರಿಸಿತು. (ಅವರಿಗೆ ಪಾಪ, ತಿಂಗಳಿಗೊಮ್ಮೆ ಎಚ್ಚರಿಸುವ ಗಂಟೆಯೂ ಇಲ್ಲ.) ಅಮೆರಿಕದ ಮೇರಿ ಕೇನ್ 2013ರಲ್ಲಿ, 17ನೇ ವಯಸ್ಸಿಗೇ, ಮಾಸ್ಕೋದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ 1500 ಮೀಟರ್ ಫೈನಲ್ ಓಡಿದ ಹುಡುಗಿ. ತೂಕ ಇಳಿಸು ಇಳಿಸು ಎಂಬ ಒತ್ತಡದಲ್ಲಿ ತನಗೆ ಮೂರು ವರ್ಷ ಮುಟ್ಟೇ ಆಗಲಿಲ್ಲ, ಐದು ಮೂಳೆ ಮುರಿದವು ಎಂದು 2019ರಲ್ಲಿ ಅವಳೇ ಬಾಯಿಬಿಟ್ಟಳು. ಹೆಣ್ಣುಮಕ್ಕಳು ಜೀವಮಾನಕ್ಕೆ ಬೇಕಾದ ಮೂಳೆಯ ಗಂಟಿನಲ್ಲಿ ಹತ್ತಿರಹತ್ತಿರ ಶೇ 90ರಷ್ಟನ್ನು ಕೂಡಿಡುವುದು 18ರೊಳಗೆ. ನಿಮ್ಮ ಮಗಳಿಗೆ ಉಳಿದಿರುವುದು ಎರಡು ವರ್ಷ. ಅದರ ಮುಂದೆ ಮೂರು ವಾರದ ಸೆಲೆಕ್ಷನ್ ಯಾವ ಲೆಕ್ಕ?

ನಿಮ್ಮ ಮನೆಯವರನ್ನು ನೀವು ಎರಡು ಪುಟ ಬೈದಿದ್ದೀರಿ. ನನಗೇಕೋ ಅವರ ಮೇಲೆ ಕೋಪ ಬರಲಿಲ್ಲ. ನಾಲ್ಕೂವರೆಗೆ ಎದ್ದು, ಕತ್ತಲಲ್ಲಿ ಸ್ಟಾಪ್‌ವಾಚ್ ಹಿಡಿದು, ಮಗಳ ಒಂದೊಂದು ಸುತ್ತನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಪ್ಪ ಅವರು. ಸುತ್ತಿನ ಲೆಕ್ಕ ಸೆಕೆಂಡಿನವರೆಗೆ ಅವರಿಗೆ ಗೊತ್ತು. ಈ ಇನ್ನೊಂದು ಲೆಕ್ಕವನ್ನು ಅವರ ಕಿವಿಗೆ ಹಾಕಿದವರು ಯಾರು? ನೀವೂ ಹಾಕಲಿಲ್ಲ. ಗಂಡಸರ ಮುಂದೆ ಆಡುವ ಮಾತಲ್ಲ ಅಂತ ನುಂಗಿಕೊಂಡಿರಿ, ನನಗೂ ಬ್ರಾಕೆಟ್ಟಿನಲ್ಲಿ ಹೇಳಿದಿರಿ, ಡಾಕ್ಟರಿಗೆ ಹೇಳಲೇ ಇಲ್ಲ. ಡಾಕ್ಟರೂ ಕೇಳಲಿಲ್ಲ ಅನ್ನಿ. ಹದಿನಾರರ ಓಟಗಾರ್ತಿ ಮೂಳೆ ನೋವು ಅಂತ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಅದೊಂದು.

ಹಾಗಾಗಿ ನಾನು ಹೇಳುವುದು ಒಂದೇ ಕೆಲಸ. ಒಂದು ಚೀಟಿಯ ಮೇಲೆ ಮಗಳ ಕೊನೆಯ ಮುಟ್ಟಿನ ತಾರೀಖು ಬರೆಯಿರಿ. ಈ ವಾರದೊಳಗೆ ಅದೇ ಡಾಕ್ಟರ ಬಳಿ ಹೋಗಿ ಆ ಚೀಟಿಯನ್ನು ಅವರ ಮೇಜಿನ ಮೇಲಿಡಿ. ಮಗಳ ಜೊತೆ ಅವಳ ಅಪ್ಪನೂ ಬರಲಿ. ಮೂರು ತಿಂಗಳು ತಪ್ಪಿದರೇ ತೋರಿಸಬೇಕು, ನಿಮ್ಮದು ಐದಾಗಿದೆ. ಮುಂದೆ ಸ್ತ್ರೀರೋಗ ತಜ್ಞರು ಬೇಕೋ, ಎಂಆರ್‌ಐ ಬೇಕೋ, ಊಟದ ಲೆಕ್ಕ ಹೇಳುವವರು ಬೇಕೋ ಅವರೇ ದಾರಿ ತೋರಿಸುತ್ತಾರೆ. ಥೈರಾಯ್ಡ್ ಪರೀಕ್ಷೆ ಬರೆದುಕೊಡುತ್ತಾರೆ, ಗರ್ಭದ ಪರೀಕ್ಷೆಯನ್ನೂ ಬರೆದುಕೊಟ್ಟಾರು. ಮುಖ ಸಿಂಡರಿಸಬೇಡಿ, ಅದು ಕ್ರಮ. ಯಾರಾದರೂ “ಮುಟ್ಟು ಬರಿಸೋ ಮಾತ್ರೆ ಕೊಡಿ, ಸರಿಹೋಗುತ್ತೆ” ಅಂದರೆ ಒಪ್ಪಬೇಡಿ. ಮಾತ್ರೆಯಿಂದ ರಕ್ತಸ್ರಾವ ಬಂದೀತು, ಮೂಳೆ ತುಂಬುವುದಿಲ್ಲ. ಅದು ತುಂಬುವುದು ಊಟದಿಂದ, ಬಿಡುವಿನಿಂದ, ತಿಂಗಳುಗಟ್ಟಲೆ ಕಾಯುವುದರಿಂದ. ಅಲ್ಲಿಯತನಕ ಓಟವೂ ಇಲ್ಲ, ಸೋಮವಾರದ ತೂಕವೂ ಇಲ್ಲ.

ತಾರೀಖು ನಿಮಗೆ ನೆನಪಿಲ್ಲದಿದ್ದರೆ ಮಗಳನ್ನು ಕೇಳಿ. ರಗಳೆ ತಪ್ಪಿತು ಅಂದಳಲ್ಲ, ಅವಳಿಗೆ ಗೊತ್ತಿರುತ್ತದೆ.